ಮಗಳ ಮದುವೆಯಲ್ಲಿ ರಾಷ್ಟ್ರಗೀತೆ

ಜರ್ಸಿ ಸಿಟಿಯ ಆ ಟೇಲರ್ ಅಂಗಡಿಗೆ ನಾನು ಸೇರಿದ್ದು ಅರವತ್ತೇಳರ ಇಸ್ರೇಲ್ ಯುದ್ಧ ಮುಗಿದ ಸ್ವಲ್ಪ ದಿನಕ್ಕೆ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಹುಬ್ಬಳ್ಳಿಯಲ್ಲಿ ಹೊಲಿಗೆ ಕಲಿತವನು, ಮುಂಬೈಯಿಂದ ಹಡಗಿನ ದರ್ಜಿಯಾಗಿ ಬಂದವನು. ನಾನು ಹೊಲಿದ ಕೋಟಿಗೆ ಯಾರೂ ಹೆಸರಿಟ್ಟದ್ದಿಲ್ಲ. ಅಂಗಡಿಯ ಮಾಲೀಕರು ಪೋಲೆಂಡಿನ ಯಹೂದಿ. ಆ ಯುದ್ಧದ ನಂತರ ಅವರ ಜನರ ಯಾವ ಸಮಾರಂಭಕ್ಕೆ ಹೋದರೂ ಕೊನೆಗೆ ಇಸ್ರೇಲಿನ ರಾಷ್ಟ್ರಗೀತೆ ಇದ್ದೇ ಇರುತ್ತಿತ್ತು.

"ರಾಷ್ಟ್ರಗೀತೆ ಅಂದ್ರೆ ಎದೆ ಉಬ್ಬಬೇಕು. ನಿಮ್ಮದು ಕೇಳಿದರೆ ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗಿದೆ," ಅಂತ ಒಮ್ಮೆ ಅಂದಿದ್ದೆ.

"ನಮಗೆ ಹಾಡು ಮೊದಲು ಬಂತಪ್ಪ, ದೇಶ ಆಮೇಲೆ," ಅಂದರು ಅವರು. "ಕೈಯಲ್ಲಿ ಇಲ್ಲದ್ದರ ಮೇಲೆ ಹಾಡು ಕಟ್ಟಿದವರು ಡೋಲು ಬಡಿಯುತ್ತಾರಾ?"

ಎಪ್ಪತ್ತರ ದಶಕದಲ್ಲಿ ಅವರ ಒಬ್ಬಳೇ ಮಗಳಿಗೆ ಬ್ರೂಕ್ಲಿನ್ನಿನ ಸಂಬಂಧ ಗೊತ್ತಾಯಿತು. ಹುಡುಗನ ತಂದೆ ಉದ್ದ ಗಡ್ಡದ, ಬಹಳ ಮಡಿಯ ಮನುಷ್ಯ. ಮದುವೆಯ ಕೋಟು ಹೊಲಿಸಲು ನಮ್ಮಲ್ಲಿಗೇ ಬಂದರು. ಉಣ್ಣೆಯ ಬಟ್ಟೆಗೆ ಲಿನನ್ ಸೇರಬಾರದೆಂದು ಅವರ ಶಾಸ್ತ್ರ. ಕಾಲರು ಗಟ್ಟಿ ನಿಲ್ಲಲೆಂದು ಒಳಗೆ ಕೊಡುವ ಬಕ್ರಂ ಬಟ್ಟೆ ಲಿನನ್ನಿನದೋ ಎಂದು ಅನುಮಾನ ಬಂದು, ಹೊಲಿದಿದ್ದ ಕಾಲರನ್ನೇ ಬಿಚ್ಚಿಸಿ ನೋಡಿದರು. ಹತ್ತಿಯದೇ ಇತ್ತು. ನಾನು ಮತ್ತೆ ಕಚ್ಚಾ ಹೊಲಿಗೆ ಹಾಕಿ ಟ್ರಯಲ್‌ಗೆ ನಿಲ್ಲಿಸಿದೆ. ಬೆನ್ನು, ಬಗಲು ಎಲ್ಲಾ ಕಡೆ ಗುಂಡುಸೂಜಿ ಚುಚ್ಚಿದ್ದಾಗ, ಮದುವೆಯ ಕೊನೆಗೆ ರಾಷ್ಟ್ರಗೀತೆ ಹಾಡುವ ಮಾತು ಬಂತು.

ಅವರಿಬ್ಬರೂ ತಮ್ಮ ಯಿಡ್ಡಿಷ್ ಭಾಷೆಯಲ್ಲೇ ಶುರುಮಾಡಿದರು. ಅಷ್ಟು ವರ್ಷ ಅಲ್ಲಿದ್ದ ನನಗೆ ಅದು ತಿಳಿಯುತ್ತಿತ್ತು.

"ಅದು ಸರ್ಕಾರದ ಹಾಡು. ಅದರಲ್ಲಿ ದೇವರ ಹೆಸರೇ ಇಲ್ಲ. ನನ್ನ ಮಗನ ಮದುವೆಯಲ್ಲಿ ಬೇಡ," ಅಂದರು ಬೀಗರು.

"ಕಾಲರು ಬಿಚ್ಚಿ ಅಂದಿರಿ, ಬಿಚ್ಚಿದೆವು. ಯಾಕೆ ಅಂತ ಕೇಳಿದೆವಾ?" ಅಂದರು ಮಾಲೀಕರು.

"ಅದು ದೇವರ ಆಜ್ಞೆ ಸ್ವಾಮಿ."

"ಎರಡನೇ ಮಹಾಯುದ್ಧ ಮುಗಿದ ಮೇಲೆ ನಿರಾಶ್ರಿತರ ಶಿಬಿರದಲ್ಲಿ ನನ್ನ ಮದುವೆಯಾಯಿತು. ಹರಸಲು ನನ್ನ ಕಡೆಯ ತಂದೆತಾಯಿ ಇಲ್ಲ, ಅವಳ ಕಡೆಯವರೂ ಇಲ್ಲ. ಯಾರೋ ಆ ಹಾಡು ಎತ್ತಿದರು, ಎಲ್ಲರೂ ಎದ್ದು ನಿಂತರು. ನಮಗೆ ಹಿರಿಯರ ಅಕ್ಷತೆ ಅಂದರೆ ಅದೊಂದೇ. ನನ್ನ ಮಗಳಿಗೆ ಅದನ್ನು ತಪ್ಪಿಸಲಾರೆ."

"ಹಾಗಾದರೆ ನಮ್ಮವರು ಊಟಕ್ಕೆ ಕೂರುವುದಿಲ್ಲ."

ಕೌಂಟರಿನಲ್ಲಿದ್ದ ಮಗಳ ಮುಖ ಸಣ್ಣದಾಯಿತು. "ಅಪ್ಪಾ, ಒಂದು ಹಾಡಿಗೋಸ್ಕರ ನನ್ನ ಮದುವೆ ಮುರೀಬೇಕಾ?"

ಬೀಗರು ಬಾಗಿಲ ಕಡೆ ಹೊರಟೇಬಿಟ್ಟರು. "ಅಲ್ಲಾಡಬೇಡಿ, ಬಗಲಲ್ಲಿ ಸೂಜಿ ಇದೆ," ಅಂದೆ. ಇನ್ನೊಂದು ಹೆಜ್ಜೆ ಇಟ್ಟರು, ಚುಚ್ಚಿತು, ನಿಂತರು. ಕೈ ಎತ್ತಿಕೊಂಡೇ ನಿಂತ ಮನುಷ್ಯ ಎಷ್ಟು ಹೊತ್ತು ಸಿಟ್ಟಿನಲ್ಲಿರಲು ಸಾಧ್ಯ? ನಾನೂ ಅವಸರ ಮಾಡಲಿಲ್ಲ. ಒಂದೊಂದೇ ಸೂಜಿ ತೆಗೆದೆ. ಕೋಟು ಕಳಚುವ ಹೊತ್ತಿಗೆ ದನಿ ಇಳಿದಿತ್ತು.

"ಊಟವಾದ ಮೇಲಿನ ಪ್ರಾರ್ಥನೆಗೆ ನಮ್ಮ ಲೆಕ್ಕದಲ್ಲಿ ಮದುವೆ ಮುಗಿಯಿತು," ಅಂದರು. "ನಮ್ಮವರು ಕಾರು ಹತ್ತಲಿ. ಆಮೇಲೆ ಹಾಲ್ ನಿಮ್ಮದು. ಬ್ಯಾಂಡ್ ಮಾತ್ರ ಬೇಡ."

ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಮಾಲೀಕರು ಒಪ್ಪಿದರು.

ಮದುವೆಯ ದಿನ ಹಾಗೆಯೇ ನಡೆಯಿತು. ಪ್ರಾರ್ಥನೆಯಾಯಿತು, ಬ್ರೂಕ್ಲಿನ್ನಿನವರು ಇಳಿದು ಹೋದರು, ಬ್ಯಾಂಡಿನವರು ವಾದ್ಯ ಕಟ್ಟಿಟ್ಟರು. ಮದುಮಗಳನ್ನು ನಡುವೆ ನಿಲ್ಲಿಸಿಕೊಂಡು ಮಾಲೀಕರೂ ಅವರ ಶಿಬಿರದ ಕಾಲದ ಗೆಳೆಯರೂ ಹಾಡಿದರು. ಮದುಮಗನೂ ಅವಳ ಪಕ್ಕಕ್ಕೆ ಬಂದು ನಿಂತ, ತುಟಿ ಅಲ್ಲಾಡಿಸಲಿಲ್ಲ. ಚೆನ್ನಾಗಿ ಹಾಡಿದರು ಎನ್ನಲಾರೆ. ಒಬ್ಬರ ದನಿ ಏರಿದರೆ ಇನ್ನೊಬ್ಬರದು ಒಡೆಯುತ್ತಿತ್ತು.

ತಿರುಗಿ ನೋಡಿದರೆ ಬೀಗರು ಹೋಗಿರಲಿಲ್ಲ. ಮೂಲೆಯ ಮೇಜಿನ ಮುಂದೆ ಕೂತಿದ್ದರು. ಎದ್ದು ನಿಲ್ಲಲಿಲ್ಲ.

ಹಾಡು ಮುಗಿದ ಮೇಲೆ ಮಾಲೀಕರು ಹೋಗಿ ಅವರ ಪಕ್ಕ ಕೂತರು. "ನಿಮ್ಮ ಕಾರು ಹೋಯಿತು."

"ಹೋಗಲಿ. ಕೊನೆಯ ಸಾಲಿನಲ್ಲಿ ಒಂದು ಪದ ನುಂಗಿದಿರಿ."

"ನಿಮಗೆ ಹೇಗೆ ಗೊತ್ತು?"

"ಹುಡುಗರಾಗಿದ್ದಾಗ ನಮ್ಮೂರಲ್ಲೂ ಹಾಡುತ್ತಿದ್ದೆವು. ಅಪ್ಪನ ಕಿವಿಗೆ ಬಿತ್ತು. ಬೆಲ್ಟು ಬಿಚ್ಚಿದ."

ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ಬೀಗರು ನಗಲಿಲ್ಲ, ಆದರೆ ಸೊಸೆಯನ್ನು ಕರೆದು ಪಕ್ಕದ ಕುರ್ಚಿ ತೋರಿಸಿದರು.