ಲೋಳೆಮೀನು ಕೊಯ್ದ ಮೇಡಂ

ಅಸಹ್ಯವಾದಾಗ ನಮ್ಮ ಪ್ರಾಣಿಶಾಸ್ತ್ರದ ಮೇಡಂಗೆ ಮೂಗಿನ ಎಡ ಹೊಳ್ಳೆಯೊಂದೇ ಮೇಲೇಳುತ್ತಿತ್ತು. ಜೊತೆಗೆ ತುಟಿಯೂ ಸರಿದು ಒಂದು ಕೋರೆಹಲ್ಲು ಕಾಣುತ್ತಿತ್ತು. ಜಿರಲೆ ಕಂಡರೂ ಹಾಗೆ, ಕ್ಯಾಂಟೀನಿನ ಟೇಬಲ್ ಒರೆಸುವ ಬಟ್ಟೆ ಕಂಡರೂ ಹಾಗೆ. ಬಸ್ಸಿನ ಕಂಬಿಯನ್ನು ಕರ್ಚೀಫಿಲ್ಲದೆ ಹಿಡಿಯುತ್ತಿರಲಿಲ್ಲ. ಇಂಥವರು ಹುಳ, ಕಪ್ಪೆ, ಮೀನುಗಳ ಪಾಠ ಹೇಗೆ ಆರಿಸಿಕೊಂಡರೋ ಎಂದು ತರೀಕೆರೆಯ ಕಾಲೇಜಿನಲ್ಲಿ ನಾವು ನಗುತ್ತಿದ್ದೆವು. ಮೇಡಂ ಸಖರಾಯಪಟ್ಟಣದ ಕಡೆಯವರು, ಕಡೂರಿನಲ್ಲಿ ತಂಗಿಯ ಜೊತೆಗಿದ್ದರು.

ನಾನು ಅಜ್ಜಂಪುರದಿಂದ ಓಡಾಡುತ್ತಿದ್ದೆ. ಲ್ಯಾಬಿನ ವಾಸನೆಗೆ ಎರಡು ಸಲ ವಾಂತಿ ಮಾಡಿಕೊಂಡ ಮೇಲೆ, ಇದು ನನ್ನಿಂದಾಗದು, ಬಿ.ಎ.ಗೆ ಹೋಗುತ್ತೇನೆ ಎಂದು ಅರ್ಜಿ ಬರೆದು ಮೇಡಂ ಸಹಿಗೆ ಹೋದೆ. ಅವರ ಮುಂದೆ ಹ್ಯಾಗ್‌ಫಿಶ್ ಎಂಬ ಲೋಳೆಮೀನಿನ ಜಾಡಿ ಇತ್ತು. ಯಾರೋ ಎಂದೋ ತರಿಸಿಟ್ಟದ್ದು. ಮುಚ್ಚಳ ಬಿರಿದು, ಕೆಡದಂತೆ ಹಾಕಿದ್ದ ಔಷಧಿ ಆರಿ, ಮೀನು ಕೊಳೆಯತೊಡಗಿತ್ತು. ಪ್ರಿನ್ಸಿಪಾಲರು ಎಸೆಯಲು ಹೇಳಿದ್ದರು.

"ಎಸೆಯೋಕೆ ಮುಂಚೆ ಒಂದ್ಸಲ ಒಳಗೆ ನೋಡ್ಬಿಡಾಣ. ಟ್ರೇ ಹಿಡ್ಕೊ."

"ನಂಗಾಗಲ್ಲ ಮೇಡಂ. ವಾಕರಿಕೆ ಬರುತ್ತೆ."

"ನಂಗೇನು ಬರಲ್ವಾ? ಬಕೆಟ್ ಹತ್ರ ಇಟ್ಕೊ ಕಣೇ."

ಕತ್ತರಿ ಇಟ್ಟೊಡನೆ ಎದ್ದ ನಾತಕ್ಕೆ ಅವರ ಕಣ್ಣಲ್ಲಿ ನೀರು ಬಂತು. "ಥೂ, ದರಿದ್ರದ್ದು!" ಎಂದು ಬೈಯುತ್ತಲೇ ಒಂದೊಂದಾಗಿ ತೋರಿಸಿದರು. ದವಡೆಯಿಲ್ಲದ ಬಾಯಿ; ಒಳಗೆ ಬಾಚಣಿಗೆಯಂಥ ಹಲ್ಲಿನ ಸಾಲು. ಜಠರವೇ ಇಲ್ಲದೆ ನೆಟ್ಟಗೆ ಇಳಿದ ಕರುಳು. ಎರಡೂ ಪಕ್ಕಕ್ಕೆ ಕೀವುಗುಳ್ಳೆಗಳಂತೆ ಲೋಳೆಯ ಗ್ರಂಥಿಗಳು. ಇದು ಸತ್ತ ಮೀನಿನ ಒಡಲು ಹೊಕ್ಕು ಒಳಗಿನಿಂದಲೇ ತಿನ್ನುತ್ತದೆ, ಆ ಕೊಳೆತದ್ದರ ಸಾರವನ್ನು ಚರ್ಮದಿಂದಲೂ ಹೀರುತ್ತದೆ ಎಂದಾಗ ನಾನು ಬಕೆಟ್ಟಿಗೆ ಬಾಗಿದೆ.

ಬಾಯಿ ತೊಳೆದು ಬಂದರೆ ಮೇಡಂ ಇನ್ನೂ ಬಾಲದ ಹತ್ತಿರ ಚಿಮುಟ ಆಡಿಸುತ್ತಿದ್ದರು.

"ಇದಕ್ಕೆ ಬೆನ್ನುಮೂಳೇನೇ ಬಂದಿಲ್ಲ, ಮೂಳೆ ಬರೋಕೆ ಮುಂಚಿನ ಕಾಲದ್ದು ಅಂತ ಇಷ್ಟು ವರ್ಷ ಪಾಠ ಮಾಡಿದೀನಿ. ಈಗ ಹೊಸ ಪುಸ್ತಕ ನೋಡಿದ್ರೆ, ಬಾಲದ ಹತ್ರ ಬೆನ್ನುಮೂಳೆಯ ಮೆತ್ತನೆ ತುಣುಕು ಇದಾವಂತೆ. ಮೊದ್ಲು ಇತ್ತು, ಆಮೇಲೆ ಕಳ್ಕೊಂಡಿದೆ ಅಂತ ಬರ್ದವ್ರೆ."

"ಸಿಕ್ತಾ ಮೇಡಂ?"

"ಎಲ್ಲಿ, ಬರೀ ಗೊಜ್ಜು. ಆದ್ರೂ ನಾಳೆ ಕ್ಲಾಸಲ್ಲಿ ಹೇಳ್ಬೇಕು, ತಪ್ಪು ಹೇಳ್ಕೊಟ್ಟಿದ್ದೆ ಅಂತ. ಕೊಡು ಅರ್ಜಿ, ಸಹಿ ಹಾಕ್ತೀನಿ."

ನಾನು ಕೊಡಲಿಲ್ಲ. ಧೈರ್ಯ ಬಂದಿರಲಿಲ್ಲ, ಆ ತುಣುಕು ಇದೆಯೋ ಇಲ್ಲವೋ ತಿಳಿಯಬೇಕೆನಿಸಿತು, ಅಷ್ಟೆ. ಮರುದಿನ ಅವರು ಇಡೀ ತರಗತಿಯ ಮುಂದೆ ತಪ್ಪೊಪ್ಪಿಕೊಂಡರು. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಮೇಡಂ ಬೋರ್ಡಿನ ಮೇಲೆ ಹೊಸ ಚಿತ್ರ ಬರೆದರು.

ಓದು ಮುಗಿಸಿ ಕಡೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆದೆ. ಕಫ, ಮಲ, ಕೀವು ದಿನವೂ ಕೈಗೆ ಬರುತ್ತವೆ. ಇಂದಿಗೂ ಹೇಸಿಗೆಯೇ.

ಹೋದ ವರ್ಷ ಮೇಡಂಗೆ ಎದೆಯ ಕ್ಯಾನ್ಸರ್ ಹುಣ್ಣಾಗಿ ಒಡೆಯಿತು. ಮನೆಗೆ ನೋಡಲು ಹೋದಾಗ ನಾತ ಹಜಾರಕ್ಕೇ ಬಡಿಯುತ್ತಿತ್ತು. ಅವರ ತಂಗಿ ಸೆರಗನ್ನು ಮೂಗಿಗೆ ಒತ್ತಿಕೊಂಡೇ, "ಏನ್ ವಾಸ್ನೆನೂ ಇಲ್ಲ ಕಣಮ್ಮ, ಅಕ್ಕಂಗೆ ಹಂಗನ್ಸುತ್ತೆ," ಎಂದರು.

ಒಳಗೆ ಮೇಡಂ ನನ್ನ ಮುಖವನ್ನೇ ನೋಡಿದರು. "ನಿಜ ಹೇಳೇ. ನಾರ್ತಿದೀನಾ?"

"ಹೂಂ ಮೇಡಂ. ತಡೆಯೋಕಾಗ್ತಿಲ್ಲ."

"ಅಬ್ಬ! ಒಬ್ಳಾದ್ರೂ ಅಂದ್ಯಲ್ಲ. ನಂಗೇ ಹುಚ್ಚು ಹಿಡಿದಿದೆ ಅನ್ಕೊಂಡಿದ್ದೆ."

ಹುಣ್ಣಿನ ಪಟ್ಟಿ ಬಿಚ್ಚಿದೆ. ಹತ್ತಿಯ ಜೊತೆ ಮಾಂಸದ ಚೂರೂ ಕಿತ್ತು ಬಂತು. ಹಿತ್ತಲಿಗೆ ಓಡಿ ಕಾರಿಕೊಂಡು, ಮತ್ತೆ ಬಂದು ತೊಳೆದೆ. ಅಂದಿನಿಂದ ಕೆಲಸ ಮುಗಿಸಿ ಪಟ್ಟಿ ಬದಲಿಸಲು ದಿನವೂ ಹೋದೆ. ಒಂದು ದಿನವೂ ಊಟ ರುಚಿಸಲಿಲ್ಲ.

ಒಂದು ಸಂಜೆ ನಾನು ಹೋಗುವಷ್ಟರಲ್ಲಿ ಅವರ ಉಸಿರು ನಿಂತಿತ್ತು. ತಂಗಿ ಹೊರಗೆ ಫೋನಿನಲ್ಲಿ ಅಳುತ್ತಿದ್ದರು. ನಾನು ನೀರು ಕಾಯಿಸಿ ತಂದು, ಹಳೆಯ ಪಟ್ಟಿ ಬಿಚ್ಚಿ, ಹುಣ್ಣು ತೊಳೆದು ಹೊಸದು ಕಟ್ಟಿದೆ. ಅವರನ್ನು ಆ ನಾತದಲ್ಲೇ ಕಳಿಸಲು ಮನಸ್ಸಾಗಲಿಲ್ಲ.