ಎರಡು ಡಿಸ್ಕಿಗೂ ಒಂದೇ ಶ್ರೀ

ನಮ್ಮ ಸ್ಟುಡಿಯೋದ ಒಳಗಿನ ರೂಮಿನಾಗೆ ಜಾಲರಿ ಬಾಗಿಲಿನ ಒಂದು ಬೀರು ಐತೆ. ಅದ್ರೊಳಗೆ ಒಂದು ಕಂಪ್ಯೂಟರ್ ಯಾವಾಗ್ಲೂ ಗುಂಯ್ ಅಂತಿರುತ್ತೆ. ಮದುವೆ, ಸೀಮಂತ, ತೊಟ್ಟಿಲು, ನಾವು ತೆಗೆದ ಫೋಟೊ ಎಲ್ಲ ಅದ್ರಾಗೇ ಅದಾವೆ. ಆ ಬೀರಿನ ಬೀಗದಕೈ ನನ್ನ ಉಡದಾರದಾಗೆ ಇರುತ್ತೆ. ಸ್ನಾನ ಮಾಡುವಾಗ್ಲೂ ಬಿಚ್ಚಲ್ಲ.

ಸ್ಟುಡಿಯೋ ಅಕ್ಕಾರದು. ನಾವೆಲ್ಲ ಅವ್ರನ್ನ ಹಂಗೇ ಕರೆಯೋದು. ದಾವಣಗೆರೆ ಮಂಡಿಪೇಟೆಯಾಗೆ ಒಂದು ಅಂಗಡಿಯ ಮಹಡಿ ಮ್ಯಾಲೆ ಐತೆ. ಅದೇ ಬೀದಿಯಾಗೆ ನಾನು ಮೊದ್ಲು ಮೂಟೆ ಹೊರ್ತಿದ್ದೆ. ಮೀಸೆ ಬಂದು ಎಷ್ಟೋ ವರ್ಷ ಆದ್ಮೇಲೆ ಹತ್ತನೇ ಕ್ಲಾಸು ಕಟ್ಟಿ ಪಾಸಾದೆ, ಆಮೇಲೆ ಕಂಪ್ಯೂಟರ್ ಕ್ಲಾಸಿಗೆ ಹೋದೆ. ಅಕ್ಕಾರು ಕರೆದು ಕೆಲಸ ಕೊಟ್ರು. ಇವತ್ತಿಗೂ ನಾನು ಟೈಪ್ ಮಾಡೋದು ಎರಡೇ ಬೆರಳಾಗೆ, ಇದನ್ನೂ ಹಂಗೇ ಹೊಡೀತಿದೀನಿ. ಆದ್ರೆ ಆ ಕಂಪ್ಯೂಟರಿಗೆ ವಿಂಡೋಸ್ ಬದ್ಲು ಲಿನಕ್ಸ್ ಹಾಕಿದ್ದು ನಾನೇ. ಅದು ಮುನಿಸಿಕೊಂಡ್ರೆ "ಏನಪ್ಪಾ, ಸ್ವಲ್ಪ ಬಂದು ನೋಡು" ಅಂತ ಅಕ್ಕಾರು ನನ್ನನ್ನೇ ಕೂಗ್ತಿದ್ರು. ಕೈಯಾಗಿನ ತುತ್ತು ಬಿಟ್ಟು ಎದ್ದು ಹೋಗ್ತಿದ್ದೆ.

ಅಕ್ಕಾರಿಗೆ ಹರಿಹರದಾಗೆ ಇನ್ನೊಂದು ಸ್ಟುಡಿಯೋ ಇತ್ತು. ಕಟ್ಟಡದವ್ರು ಖಾಲಿ ಮಾಡಿ ಅಂದ್ರು, ಮುಚ್ಚಿದ್ರು. ಅಲ್ಲಿ ಕೆಲಸ ಮಾಡ್ತಿದ್ದವ್ನು ಒಂದು ಶನಿವಾರ ನಮ್ಮಲ್ಲಿಗೆ ಬಂದ. ಡಿಪ್ಲೊಮಾ ಓದಿದವ್ನು, ನನಗಿಂತ ಸಣ್ಣವ್ನು. ಹರಿಹರದ ಫೋಟೊ ಎಲ್ಲ ತುಂಬಿದ್ದ ಡಿಸ್ಕನ್ನ ಟವಲಿನಾಗೆ ಸುತ್ತಿಕೊಂಡು, ಬಸ್ಸಿನಾಗೆ ತೊಡೆ ಮ್ಯಾಲೆ ಇಟ್ಕೊಂಡು ಬಂದಿದ್ದ. ಬಂದೋನೇ ನಗ್ತಾ "ಅಣ್ಣಾ, ಎಲ್ಲಿ ಹಾಕ್ಲಿ?" ಅಂದ. ನಾನು ಬೀರು ತೆಗೆದೆ, ಅವ್ನೇ ಡಿಸ್ಕ್ ಸಿಕ್ಕಿಸ್ದ. ಹತ್ತೂ ಬೆರಳಾಗೆ ಟೈಪ್ ಮಾಡ್ತಿದ್ದ. ಕೀಬೋರ್ಡ್ ಕಡೆ ನೋಡ್ತಾನೂ ಇರ್ಲಿಲ್ಲ. ಅಕ್ಕಾರು ಅವ್ನ ಹಿಂದೆ ನಿಂತು ನೋಡಿ, "ತಮ್ಮಾ, ನೀನು ಮಳೆ ಸುರಿದಂಗೆ ಹೊಡೀತೀಯಲ್ಲೋ" ಅಂದ್ರು.

ನನಗೆ ಒಂದು ದಿನಾನೂ ತಮ್ಮಾ ಅಂದಿರ್ಲಿಲ್ಲ. ಏನಪ್ಪಾ ಅಂತಿದ್ರು ಅಷ್ಟೇ.

ಅವತ್ತು ಸಂಜೆ ಚಾ ಕುಡಿಯುವಾಗ ಅಕ್ಕಾರು ಅಂದ್ರು, "ಇಬ್ಬರಿಗೂ ಮಿಷಿನ್ನು ಗೊತ್ತೈತೆ. ಬೀರು ಯಾರು ನೋಡ್ಕೋಬೇಕು ಅಂತ ಸೋಮವಾರ ಹೇಳ್ತೀನಿ." ನಾನು ಅಂಗಿ ಮ್ಯಾಲಿಂದ ಸೊಂಟ ಮುಟ್ಟಿ ನೋಡ್ಕೊಂಡೆ. ಬೀಗದಕೈ ಇತ್ತು. ಭಾನುವಾರ ಸರಸ್ವತಿ ನಗರದ ಮನಿಯಾಗೆ ಕುಂತು ಅನ್ನ ತಿಂದ್ರೂ ರುಚಿ ಹತ್ತಲಿಲ್ಲ.

ಭಾನುವಾರ ಕರೆಂಟ್ ಹೋಗಿತ್ತಂತೆ. ಸೋಮವಾರ ಬೆಳಿಗ್ಗೆ ನಾನು ಮಿಷಿನ್ ಮತ್ತೆ ಶುರು ಮಾಡ್ದೆ. ಶಾಮನೂರಿಂದ ಒಬ್ಬ ಅಜ್ಜಿ ಮೊಮ್ಮಗಳ ತೊಟ್ಟಿಲ ಫೋಟೊ ಆರಿಸೋಕೆ ಆಗ್ಲೇ ಬಂದು ಕುಂತಿದ್ಲು. ಹೊಸ ಕೆಲಸದ ಫೋಲ್ಡರ್ ಯಾವಾಗ್ಲೂ ಮ್ಯಾಲಿರುತ್ತೆ ಅಂತ ನಾನು ಮ್ಯಾಲಿನದನ್ನೇ ಒತ್ತಿದೆ. ಪರದೆ ಮ್ಯಾಲೆ ಪೇಟ ಸುತ್ತಿದ ಮದುಮಗ ಬಂದ.

ಅಜ್ಜಿ ಕನ್ನಡಕ ಏರಿಸಿಕೊಂಡ್ಲು. "ನನ್ನ ಮೊಮ್ಮಗಳಿಗೆ ಇಷ್ಟು ಬೇಗ ಮೀಸೆ ಬಂತೇನಪ್ಪಾ?"

ನಾನು ನಗಲಿಲ್ಲ. ಕೆಳಗೆ ಹುಡುಕಿದೆ. ದಾವಣಗೆರೆಯ ಒಂದು ಫೋಟೊನೂ ಇಲ್ಲ, ಎಲ್ಲ ಹರಿಹರದವು. ಅಕ್ಕಾರು ಬಾಗಿಲಾಗೆ ನಿಂತಿದ್ರು. ಅವ್ರ ಮುಖ ಸಣ್ಣಗಾಯ್ತು.

"ಎಲ್ಲ ಹೋಯ್ತಾ?"

"ಶನಿವಾರ ಡಿಸ್ಕ್ ಹಾಕಿದ್ದು ಯಾರು ಅಂತ ಕೇಳ್ರಿ" ಅಂದೆ. ಅವ್ನೇ ನನ್ನ ಫೋಟೊ ಮ್ಯಾಲೆ ಅವ್ನವನ್ನ ತುಂಬಿ ಅಳಿಸಿರ್ಬೇಕು ಅನ್ನಿಸ್ತು. ಹಂಗೆ ಅನ್ನಿಸಿದ್ದಕ್ಕೆ ಎದೆಯಾಗೆ ಸ್ವಲ್ಪ ತಂಪಾಯ್ತು.

ಅವ್ನು ಸಿಟ್ಟಾಗಲಿಲ್ಲ. "ಅಣ್ಣಾ, ನಾನು ಬರೀ ಸಿಕ್ಕಿಸಿದ್ದು. ಏನೂ ಅಳಿಸಿಲ್ಲ. ಒಂದ್ಸಲ ಲೇಬಲ್ ನೋಡ್ರಿ" ಅಂದ.

ಲಿನಕ್ಸಿನಾಗೆ ಡಿಸ್ಕಿನ ಒಂದೊಂದು ಭಾಗಕ್ಕೂ ಒಂದು ಹೆಸರಿಡಬಹುದು, ಅದೇ ಲೇಬಲ್. ಮಿಷಿನ್ ಶುರುವಾಗುವಾಗ ಒಂದು ಫೈಲ್ ಓದುತ್ತೆ. ಅದ್ರಾಗೆ ನಾನು ಬರೆದಿದ್ದು ಇಷ್ಟೇ: ಇಂಥ ಲೇಬಲ್ ಇರೋ ಭಾಗ ಹುಡುಕು, ಫೋಟೊ ಫೋಲ್ಡರಿಗೆ ಜೋಡಿಸು. ಡಿಸ್ಕು, ಲೇಬಲ್ಲು ಎಲ್ಲ ತೋರಿಸೋ ಕಮಾಂಡ್ ಹೊಡೆದೆ. ನನ್ನ ಡಿಸ್ಕಿನ ಎದುರಿಗೆ ಶ್ರೀ. ಅವ್ನ ಡಿಸ್ಕಿನ ಎದುರಿಗೂ ಶ್ರೀ. ಇಂಗ್ಲಿಷಿನ ಅವೇ ನಾಲ್ಕು ದೊಡ್ಡಕ್ಷರ.

ಫೋಟೊ ಎಲ್ಲೂ ಹೋಗಿರ್ಲಿಲ್ಲ. ಶನಿವಾರ ಮಿಷಿನ್ ನಡೀತಿರುವಾಗ ಅವ್ನು ಡಿಸ್ಕ್ ಹಾಕಿದ್ದಕ್ಕೆ ಏನೂ ಆಗಿರ್ಲಿಲ್ಲ. ಕರೆಂಟ್ ಹೋಗಿ ಮತ್ತೆ ಶುರುವಾದಾಗ ಎರಡು ಶ್ರೀ ಸಿಕ್ಕಾವೆ, ಮಿಷಿನ್ನು ಒಂದನ್ನ ಹಿಡ್ಕೊಂಡೈತೆ. ನನ್ನ ಡಿಸ್ಕು ಅಲ್ಲೇ ಪಕ್ಕದಾಗೆ ಸುಮ್ಮನೆ ಕುಂತಿತ್ತು.

ನನಗೆ ಚುಚ್ಚಿದ್ದು ಅದಲ್ಲ. ಆ ಡಿಸ್ಕ್ ಹೊಸದಾಗಿ ತಂದ ದಿನ ಅಕ್ಕಾರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ರು. ಮಂಡಿಪೇಟೆ ಅಂಗಡಿಯವ್ರು ಹೊಸ ಲೆಕ್ಕದ ಪುಸ್ತಕದಾಗೆ ಮೊದ್ಲು ಶ್ರೀ ಬರೀತಾರಲ್ಲ, ಹಂಗೇ "ಮೊದ್ಲು ಶ್ರೀ ಅಂತ ಇಡಪ್ಪಾ, ನಿನ್ನ ಕೈಯಾಗೆ ಒಳ್ಳೇದಾಗ್ಲಿ" ಅಂದ್ರು. ಆ ಮಾತು ನನಗೇ ಅಂತ ಹೇಳಿದ್ದು ಅಂದ್ಕೊಂಡಿದ್ದೆ. ದಿನಾ ಬೀರು ತೆಗೆಯುವಾಗ ಒಂದ್ಸಲ ನೆನೆಸಿಕೊಳ್ತಿದ್ದೆ.

"ನೀನ್ಯಾಕ ಶ್ರೀ ಇಟ್ಟಿ?" ಅಂತ ಕೇಳ್ದೆ.

"ಅಕ್ಕಾರೇ ಹೇಳಿದ್ರಣ್ಣ. ಕುಂಕುಮ ಹಚ್ಚಿ, ನಿನ್ನ ಕೈಯಾಗೆ ಒಳ್ಳೇದಾಗ್ಲಿ ಅಂದ್ರು."

ಅಕ್ಕಾರು ನಕ್ಕರು. "ಇಬ್ಬರಿಗೂ ಅದನ್ನೇ ಹೇಳೀನಿ, ಮತ್ತೇನು ಹೇಳ್ಲಿ? ಈಗ ಏನು ಮಾಡೋದು?"

"ಏನಿಲ್ಲ ಅಕ್ಕಾರೇ, ಒಂದರ ಹೆಸರು ಬದಲಾಯಿಸಿದ್ರೆ ಆತು" ಅಂದು ಅವ್ನು ನನ್ನ ಕಡೆ ತಿರುಗಿದ. "ನಿಮ್ದು ಶ್ರೀನೇ ಇರ್ಲಿ ಬಿಡ್ರಣ್ಣ. ನಂದಕ್ಕೆ ಹರಿಹರ ಅಂತ ಇಡ್ತೀನಿ."

ಎಷ್ಟು ಸಲೀಸಾಗಿ ಬಿಟ್ಟುಕೊಟ್ಟ. ನನಗೆ ಹಂಗೆ ಬಿಡೋಕೆ ಬರ್ತಿರ್ಲಿಲ್ಲ. ಅವ್ನು ಬಿಟ್ಟುಕೊಟ್ಟಿದ್ದನ್ನ ಇಟ್ಕೊಂಡು ದಿನಾ ಬೀರು ತೆಗೆಯೋದು ನನ್ನ ಕೈಯಾಗೆ ಆಗ್ತಿರ್ಲಿಲ್ಲ.

"ಬ್ಯಾಡ" ಅಂದೆ. "ಎರಡೂ ಹಂಗೇ ಇರ್ಲಿ. ಹೆಸರು ನೋಡ್ಬ್ಯಾಡ ಅಂತ ಮಿಷಿನ್ನಿಗೆ ಹೇಳ್ತೀನಿ."

ಡಿಸ್ಕಿನ ಪ್ರತಿ ಭಾಗಕ್ಕೂ ಲೇಬಲ್ ಬಿಟ್ಟು ಇನ್ನೊಂದು ಗುರುತು ಇರುತ್ತೆ, ಯುಯುಐಡಿ ಅಂತ. ಅಂಕಿ ಅಕ್ಷರ ಕಲಸಿದ ಉದ್ದನೇ ಸಾಲು. ಅದನ್ನ ಯಾರೂ ಕುಂಕುಮ ಹಚ್ಚಿ ಇಟ್ಟಿರಲ್ಲ, ಮಿಷಿನ್ನೇ ಕೊಟ್ಕೊಳ್ಳುತ್ತೆ. ಒಂದರಂಗೆ ಇನ್ನೊಂದು ಇರಲ್ಲ. ಫೈಲಿನಾಗೆ ಶ್ರೀ ತೆಗೆದು ನನ್ನ ಡಿಸ್ಕಿನ ಆ ಸಾಲು ಬರೆದ್ರೆ ಮಿಷಿನ್ ತಪ್ಪಲ್ಲ.

"ನಾ ಹೊಡೀಲೇನಣ್ಣ?"

"ನಾನೇ ಹೊಡೀತೀನಿ."

ಸಾಲನ್ನ ಒಂದು ಚೀಟಿಗೆ ಬರ್ಕೊಂಡು ಎರಡು ಬೆರಳಾಗೆ ಹೊಡೆಯೋಕೆ ಶುರು ಮಾಡ್ದೆ. ಅಜ್ಜಿ ಕುರ್ಚಿ ಹತ್ರ ತಂದುಕೊಂಡು ನೋಡಿದ್ಲು. "ಕೋಳಿ ಕಾಳು ಹೆಕ್ಕಿದಂಗೆ ಹೊಡೀತಾನಲ್ಲವ್ವಾ ಇವ್ನು." ಅಕ್ಕಾರು ನಕ್ಕರು. ನನ್ನ ಕಿವಿ ಬಿಸಿಯಾತು. ಕೊನೆಗೆ ಬಂದಾಗ ಅವ್ನು ಬಗ್ಗಿ, ನನಗೊಬ್ಬನಿಗೇ ಕೇಳೋ ಹಂಗೆ, "ಅಣ್ಣಾ, ಅಲ್ಲಿ ಬಿ ಅಲ್ಲ, ಎಂಟು" ಅಂದ. ನೋಡಿದೆ, ಹೌದು. ತಿದ್ದಿದೆ. ಹಂಗೇ ಬಿಟ್ಟಿದ್ರೆ ಫೋಟೊ ಫೋಲ್ಡರ್ ಬರ್ತಾನೇ ಇರ್ಲಿಲ್ಲ, ಅಕ್ಕಾರ ಮುಂದೆ ನನ್ನ ಮರ್ಯಾದೆನೂ ಇರ್ತಿರ್ಲಿಲ್ಲ. ಅವ್ನು ಜೋರಾಗಿ ಹೇಳಿದ್ರೆ ಅವ್ನ ಮ್ಯಾಲೆ ಸಿಟ್ಟಾದ್ರೂ ಮಾಡ್ಕೋಬಹುದಿತ್ತು.

ಮಿಷಿನ್ ಮತ್ತೆ ಶುರುವಾತು. ಮ್ಯಾಲಿನ ಫೋಲ್ಡರ್ ಒತ್ತಿದೆ. ತೊಟ್ಟಿಲಾಗೆ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಕೂಸು.

"ಈಗ ಮೀಸೆ ಹೋತು ನೋಡು" ಅಂದ್ಲು ಅಜ್ಜಿ.

"ಯಾರು ಸರಿ ಮಾಡಿದ್ದು?" ಅಂತ ಅಕ್ಕಾರು ಕೇಳಿದ್ರು.

"ಅಣ್ಣಾರೇ" ಅಂದ ಅವ್ನು. ಎಂಟರ ಮಾತು ಎತ್ತಲಿಲ್ಲ.

ಅಕ್ಕಾರು ಮೇಜಿನ ಡ್ರಾ ಎಳೆದು ಇನ್ನೊಂದು ಬೀಗದಕೈ ತೆಗೆದ್ರು. ನಂದರಂಗೇ ಇತ್ತು. ಬೀಗದ ಜೊತಿಗೇ ಬಂದಿದ್ದಂತೆ, ಇಷ್ಟು ದಿನ ಅಲ್ಲೇ ಬಿದ್ದಿತ್ತಂತೆ. "ತಗೋ ತಮ್ಮಾ. ಯಾರು ಮೊದ್ಲು ಬರ್ತಾರೋ ಅವ್ರು ಬೀರು ತೆಗೀರಿ."

ಅವ್ನು ಅದನ್ನ ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕ್ದ.

ಈಗ ನಾನು, ಅವ್ನು ದಿನಾ ಬರೋ ಹರಿಹರದ ಮೊದಲ್ನೇ ಬಸ್ಸು ಬರೋಕಿಂತ ಮುಂಚೆ ಮಂಡಿಪೇಟೆಯಾಗೆ ಇರ್ತೀನಿ. ಕೆಳಗಿನ ಅಂಗಡಿಯವ್ರು ಇನ್ನೂ ಕಸ ಗುಡಿಸ್ತಿರ್ತಾರೆ. ಮಹಡಿ ಹತ್ತಿ, ಉಡದಾರದಿಂದ ಬೀಗದಕೈ ಬಿಚ್ಚಿ, ಬೀರು ತೆಗೆದು ಕುಂತ್ಕೊಳ್ತೀನಿ. ಅವ್ನು ಬರ್ತಾನೆ, "ಇವತ್ತೂ ನೀವೇನಾ ಅಣ್ಣಾ?" ಅಂತ ನಗ್ತಾನೆ, ಚಾ ತರೋಕೆ ಹೋಗ್ತಾನೆ. ಅವ್ನ ಬೀಗದಕೈ ಹಾಕಿ ಇನ್ನೂ ಒಂದ್ಸಲಾನೂ ಬೀರು ತೆಗೆದಿಲ್ಲ.