ಭಟ್ರ ಹೆಸರಲ್ಲಿ ಬಂದ ಮೆಸೇಜು

ಮುಂಬೈಯ ಕುರ್ಲಾದಲ್ಲಿ ನಮ್ಮ ಮಾವನ ಉಡುಪಿ ಹೋಟೆಲು. ಬಿಲ್ಲಿನ ಗಲ್ಲೆಯಲ್ಲಿ ಕೂರುವವನು ನಾನು. ಕೂತು ಮಾಡುವುದು ಮಿಮಿಕ್ರಿ. ಮಾವನ ಕೆಮ್ಮು, ಅಡುಗೆಯ ಭಟ್ರು ಒಗ್ಗರಣೆ ಮುಂದೆ ಗೊಣಗುವುದು, ಲೋಕಲ್ ಟ್ರೇನಿನ ಅನೌನ್ಸ್‌ಮೆಂಟು, ಎಲ್ಲ ಬರುತ್ತದೆ. ಅಸಲಿ ಕನ್ನಡವೊಂದೇ ಸ್ವಲ್ಪ ತಡವರಿಸುತ್ತದೆ, ಅದು ಬೊರಿವಲಿ ಸ್ಕೂಲಿನ ಪ್ರಸಾದ.

ಗಲ್ಲೆಗೆ, ಅಡುಗೆಮನೆಗೆ, ಮಹಡಿಯ ಪಾರ್ಟಿ ಹಾಲ್‌ಗೆ ಒಂದೊಂದು ಮುದಿ ಕಂಪ್ಯೂಟರ್. ಅವುಗಳ ನಡುವೆ ಮಾತಾಡಲು ಅಷ್ಟೇ ಮುದಿ ಮೆಸೆಂಜರ್. ಹೊಸದು ಹಾಕೋಣ ಅಂದರೆ ಮಾವ, "ನಡೀತಿರೋ ಗಾಡಿಗೆ ಧಕ್ಕಾ ಯಾಕೋ?" ಅನ್ನುವರು.

ಒಂದು ಬೆಳಿಗ್ಗೆ ಗಲ್ಲೆಯ ಪರದೆ ಮೇಲೆ ಭಟ್ರ ಹೆಸರಲ್ಲಿ ಹಿಂದಿಯಲ್ಲೊಂದು ಮೆಸೇಜು: ಕಂಜೂಸ್ ಸೇಠ್, ನಿನ್ನ ನೀರು ಸಾಂಬಾರು ನೀನೇ ಕುಡಿ.

ಮಾವ ಅಡುಗೆಮನೆಗೆ ನುಗ್ಗಿದರು. ಭಟ್ರು ಓದಿ ಬೆಪ್ಪಾದರು. "ನಾನು ಬರೆದದ್ದಲ್ಲ ಧಣಿ."

"ನಿಮ್ಮ ಹೆಸರಿದೆಯಲ್ಲ!"

"ಇಷ್ಟು ವರ್ಷದ ನನ್ನ ಮಾತಿಗಿಂತ ಆ ಡಬ್ಬಿಯ ಮಾತು ಹೆಚ್ಚಾಯ್ತಾ? ಇವತ್ತೇ ಊರಿಗೆ ಹೊರಟೆ." ಭಟ್ರು ಏಪ್ರನ್ ಬಿಚ್ಚಿದರು.

ಅಷ್ಟರಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ. "ಇದು ಈ ಮಂಗನದೇ ಕೆಲಸ," ಅಂದ ದೋಸೆ ಹುಯ್ಯುವವನು. ತಪ್ಪೇನಿಲ್ಲ, ನಾನಾಗಿದ್ದರೂ ಮೊದಲು ನನ್ನನ್ನೇ ಹಿಡಿಯುತ್ತಿದ್ದೆ.

ಆದರೆ ಬೇರೆಯವರ ಮಾತು ಕದಿಯಲು ಕೂತ ಕಿವಿಗೆ ಅಸಲಿ ಗೊತ್ತಿರುತ್ತದೆ. "ಮಾವ, ಭಟ್ರು ನಿಮ್ಮನ್ನ ಯಾವತ್ತಾದ್ರೂ ಸೇಠ್ ಅಂದಿದ್ದಾರಾ? ಅವರು ಬೈಯೋದೂ ಧಣಿ ಅಂತ ಕರೆದೇ, ಅದೂ ತುಳುವಿನಲ್ಲಿ. ನನಗೆ ಹತ್ತು ನಿಮಿಷ ಕೊಡಿ. ಭಟ್ರೇ, ಏಪ್ರನ್ ಮಡಚಬೇಡಿ."

ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಹಳೆ ಮೆಸೆಂಜರ್ ಹಾಕಿದೆ. ಗಿರಾಕಿಗಳ ಮೇಜಿಗೆ ಹೋಗಿ ವೈಫೈಗೆ ಸೇರಿದೆ. ಅದರ ಪಾಸ್‌ವರ್ಡನ್ನು ಮಾವ, ಗಿರಾಕಿ ಕೇಳುವ ಮುಂಚೆ ಕೊಡಬೇಕೆಂದು, 'ಇಂದಿನ ವಿಶೇಷ' ಹಲಗೆಯಲ್ಲಿ ಗೋಳಿಬಜೆ ಕೆಳಗೇ ಬರೆಸಿದ್ದರು. ನಮ್ಮ ಮೂರು ಕಂಪ್ಯೂಟರೂ ಅದೇ ವೈಫೈನಲ್ಲಿ. ಮೆಸೆಂಜರ್ ಹೆಸರು ಕೇಳಿತು. ಮಾವನ ಹೆಸರು ಬರೆದೆ. ನೀನು ಯಾರಪ್ಪಾ ಎಂದು ಅದು ವಿಚಾರಿಸಲೇ ಇಲ್ಲ.

ಒಂದು ಸಾಲು ಬರೆದು ಕಳಿಸಿದೆ. ಅಡುಗೆಮನೆಯ ಪರದೆ ಟಣ್ ಅಂತು. ಮಾವ ತಮ್ಮದೇ ಹೆಸರಲ್ಲಿ ಬಂದದ್ದನ್ನು ಗಟ್ಟಿಯಾಗಿ ಓದಿದರು: "ಭಟ್ರ ಸಂಬಳ ಡಬಲ್. ಇಂತಿ, ಧಣಿ."

"ನಾನು ಇಲ್ಲೇ ನಿಂತಿದ್ದೀನಲ್ಲೋ!"

"ಭಟ್ರೂ ಇಲ್ಲೇ ನಿಂತಿದ್ರು ಮಾವ. ಒಂದು ಚಹಾ ಕುಡಿಯೋ ಯಾರು ಬೇಕಾದ್ರೂ ಇಲ್ಲಿ ಭಟ್ರಾಗಬಹುದು."

ಆ ಬೆಳಿಗ್ಗೆ ಯಾವ ಪುಣ್ಯಾತ್ಮ ಭಟ್ರಾಗಿದ್ದನೋ ಗೊತ್ತಾಗಲಿಲ್ಲ. ಮಾವ ಮಾತ್ರ ಬಿಚ್ಚಿಟ್ಟ ಏಪ್ರನ್ ತಾವೇ ಎತ್ತಿ ಭಟ್ರ ಕೈಗೆ ಕೊಟ್ಟರು. "ತಪ್ಪಾಯ್ತು ಮಾರಾಯ್ರೇ."

ಭಟ್ರು ನಿಧಾನವಾಗಿ ಗಂಟು ಹಾಕಿಕೊಂಡರು. "ಡಬಲ್ ಅಂತ ಓದಿದ್ದು ಅಸಲಿ ಧಣಿಯ ಬಾಯೇ," ಅಂದರು.

ಆ ವಾರವೇ ಪಾಸ್‌ವರ್ಡ್ ಕೇಳುವ ಹೊಸ ಮೆಸೆಂಜರ್ ಹಾಕಿದೆ, ಗಿರಾಕಿಗಳ ವೈಫೈ ಬೇರೆ ಮಾಡಿದೆ. ಆದರೆ ಏಪ್ರನ್ ಕಟ್ಟಿದ ಆ ದಿನವೇ ಭಟ್ರು ಅಡುಗೆಮನೆ ಕಿಟಕಿಯಿಂದ ಕೂಗಿದ್ದರು: "ತುಪ್ಪದ ದೋಸೆ ಒಂದು, ನಮ್ಮ ಮಂಗನಿಗೆ!"

ಆ ಕೂಗನ್ನು ನಾನು ಈಗಲೂ ಮಾಡಿ ತೋರಿಸುತ್ತೇನೆ. ಯಾರೂ ಕೇಳದಿದ್ದರೂ.